ರಟ್ಟಿನ ಗೋರಿ, ಉರಿಯುವ ಶಿಲುಬೆ

ಕೆಟ್ಟ ಸಿನಿಮಾ ಅಂದರೇನು? ಟೆಂಟಿನಲ್ಲಿ ನೆಲದ ಟಿಕೆಟ್ಟಿಗೆ ಕೂತು ನೋಡಿದ ನಮ್ಮ ಜನಕ್ಕೆ ಇದರಲ್ಲಿ ಗೊಂದಲವೇ ಇರಲಿಲ್ಲ. ಕಾಸು ದಂಡ, ನಿದ್ದೆ ದಂಡ, ಅಷ್ಟೆ. ಬೈದುಕೊಂಡು ಮನೆಗೆ ಬರುತ್ತಿದ್ದರು, ಬೆಳಗಾದರೆ ಮರೆಯುತ್ತಿದ್ದರು. ಓದಿದವರ ಲೋಕದಲ್ಲಿ ಮಾತ್ರ ಕೆಟ್ಟದ್ದಕ್ಕೂ ಪಟ್ಟಿ ಇದೆ, ಪ್ರಶಸ್ತಿ ಇದೆ. ಆ ಪಟ್ಟಿ ಬರೆಯುವ ಕೈ ಯಾರದು, ಅಳತೆಗೋಲು ಯಾವುದು ಅನ್ನೋದೇ ನಮ್ಮ ತಕರಾರು.

1980ರಲ್ಲಿ ಅಮೆರಿಕದ ಹ್ಯಾರಿ ಮೆಡ್‌ವೆಡ್, ಮೈಕೇಲ್ ಮೆಡ್‌ವೆಡ್ ಎಂಬ ಅಣ್ಣತಮ್ಮಂದಿರು 'ಗೋಲ್ಡನ್ ಟರ್ಕಿ ಅವಾರ್ಡ್ಸ್' ಅನ್ನೋ ಪುಸ್ತಕ ತಂದರು. ಓದುಗರ ಮತ ಕೂಡಿಸಿ, 'ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್' ಎಂಬ ಚಿತ್ರವೇ ಇದುವರೆಗಿನ ಅತಿ ಕೆಟ್ಟ ಸಿನಿಮಾ ಅಂತ ಪಟ್ಟ ಕಟ್ಟಿದರು. ಅದನ್ನು ತೆಗೆದ ಎಡ್ ವುಡ್‌ಗೆ ಅತಿ ಕೆಟ್ಟ ನಿರ್ದೇಶಕ ಎಂಬ ಬಿರುದು. ಆತನ ಅಪರಾಧಗಳೇನು? ಹಾರುವ ತಟ್ಟೆಗಳು ದಾರಕ್ಕೆ ಕಟ್ಟಿದ ಆಟದ ಸಾಮಾನು. ಸ್ಮಶಾನದ ಗೋರಿ ರಟ್ಟಿನದು, ಕಾಲು ತಾಗಿದರೆ ಅಲ್ಲಾಡುತ್ತದೆ. ಹೆಸರಾಂತ ನಟ ಬೆಲಾ ಲುಗೋಸಿ 1956ರಲ್ಲಿ ತೀರಿಕೊಂಡಿದ್ದ. ಹೆಂಡತಿಯ ಬೆನ್ನುನೋವು ನೋಡುತ್ತಿದ್ದ ವೈದ್ಯನ ಮುಖಕ್ಕೆ ಕಪ್ಪು ಬಟ್ಟೆ ಅಡ್ಡ ಹಿಡಿಸಿ ವುಡ್ ಆ ಪಾತ್ರ ಮುಗಿಸಿದ. ಬಂಡವಾಳ ಕೊಟ್ಟದ್ದು ಒಂದು ಬ್ಯಾಪ್ಟಿಸ್ಟ್ ಚರ್ಚಿನ ಮಂದಿ. ಆ ದುಡ್ಡಿಗಾಗಿ ವುಡ್ ಮತ್ತು ಕೆಲವು ಸಂಗಡಿಗರು ದೀಕ್ಷಾಸ್ನಾನವನ್ನೂ ಮಾಡಿಸಿಕೊಂಡರು. 1978ರ ಡಿಸೆಂಬರಿನಲ್ಲಿ ಬಾಡಿಗೆ ಕಟ್ಟಲಾರದೆ ಮನೆ ಬಿಟ್ಟು ಹೊರಬಿದ್ದ ಕೆಲವೇ ದಿನಕ್ಕೆ ಸತ್ತ. ಬಿರುದು ಬಂದದ್ದು ಆಮೇಲೆ.

ಆತ ಒಳ್ಳೆಯ ಚಿತ್ರ ಮಾಡಿದ ಅಂತ ನಾವು ವಕಾಲತ್ತು ಹಾಕುತ್ತಿಲ್ಲ. ಆದರೆ ಆ ರಟ್ಟಿನ ಗೋರಿಯಿಂದ ಯಾರ ಮನೆಯೂ ಸುಡಲಿಲ್ಲ, ಯಾರ ಕೊರಳಿಗೂ ಹಗ್ಗ ಬೀಳಲಿಲ್ಲ.

ಹಗ್ಗ ಬಿದ್ದ ಸಿನಿಮಾ ಬೇರೆ ಇದೆ. ಡಿ. ಡಬ್ಲ್ಯೂ. ಗ್ರಿಫಿತ್‌ನ 'ದ ಬರ್ತ್ ಆಫ್ ಎ ನೇಷನ್'. 1915ರ ಫೆಬ್ರವರಿ 8ರಂದು ಲಾಸ್ ಏಂಜಲೀಸಿನಲ್ಲಿ ಮೊದಲ ಪ್ರದರ್ಶನ. ಮೂರು ಗಂಟೆಯ ಮೂಕಿ ಚಿತ್ರ. ದೂರದಿಂದ ಹತ್ತಿರಕ್ಕೆ, ಇಲ್ಲಿಂದ ಅಲ್ಲಿಗೆ ದೃಶ್ಯ ಜೋಡಿಸುವ ಕುಶಲತೆಯನ್ನು ಇದರಿಂದಲೇ ಲೋಕ ಕಲಿಯಿತು ಅಂತ ಸಿನಿಮಾ ಪಂಡಿತರು ಹೊಗಳುತ್ತಾ ಬಂದರು. ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ 1998ರಲ್ಲಿ ಮಾಡಿದ ನೂರು ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ ಇದಕ್ಕೆ 44ನೇ ಜಾಗ. ಪಟ್ಟಿಯಿಂದ ಬಿಟ್ಟದ್ದು 2007ರಲ್ಲಿ. ಅಷ್ಟು ಹೊತ್ತಿಗೆ ತೊಂಬತ್ತು ವರ್ಷ ದಾಟಿತ್ತು!

ಕಥೆ ಥಾಮಸ್ ಡಿಕ್ಸನ್‌ನ 'ದ ಕ್ಲಾನ್ಸ್‌ಮನ್' ಕಾದಂಬರಿಯದು. ಅಂತರ್ಯುದ್ಧದಲ್ಲಿ ದಕ್ಷಿಣದ ಧಣಿಗಳು ಸೋತರು, ಗುಲಾಮರಿಗೆ ಬಿಡುಗಡೆಯಾಯಿತು, ಕಪ್ಪು ಜನ ಶಾಸನಸಭೆಗೆ ಬಂದರು. ಚಿತ್ರದ ಪ್ರಕಾರ ದೇಶ ಹಾಳಾದದ್ದು ಅಲ್ಲೇ. ಒಂದು ದೃಶ್ಯದಲ್ಲಿ ದಕ್ಷಿಣ ಕೆರೊಲಿನಾದ ಶಾಸನಸಭೆ ಇದೆ. ಕಪ್ಪು ಶಾಸಕ ಬರಿಗಾಲನ್ನು ಮೇಜಿನ ಮೇಲೆ ಚಾಚಿದ್ದಾನೆ, ಇನ್ನೊಬ್ಬ ಕದ್ದು ಸೆರೆ ಕುಡೀತಾನೆ, ಮತ್ತೊಬ್ಬ ಕೋಳಿ ತೊಡೆ ಕಡೀತಾನೆ. ನೋಡಿದವರು ನಕ್ಕರು. ಮುಖ್ಯ ಕಪ್ಪು ಪಾತ್ರಗಳನ್ನು ಮಾಡಿದವರು ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯರು. ನಮ್ಮವನೊಬ್ಬ ಪಂಚಾಯ್ತಿ ಕುರ್ಚಿ ಮೇಲೆ ಕೂತರೆ ಊರಗೌಡರ ಜಗುಲಿಯಲ್ಲಿ ಏಳುವ ನಗೆ ಯಾವುದೆಂದು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ನಿಜವಾಗಿ ಆ ಕಾಲದಲ್ಲಿ ಏನಾಯಿತು? ದಕ್ಷಿಣ ಕೆರೊಲಿನಾದಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧ ಅಂತ 1834ರ ಕಾನೂನು ಹೇಳುತ್ತಿತ್ತು. ರಾಬರ್ಟ್ ಸ್ಮಾಲ್ಸ್ ಆ ನಾಡಿನ ಬೋಫರ್ಟ್ ಊರಲ್ಲಿ ಗುಲಾಮನಾಗಿಯೇ ಹುಟ್ಟಿದವನು. 1862ರ ಮೇ 13ರ ನಸುಕಿನಲ್ಲಿ, ಧಣಿಗಳ ಪಡೆಯ 'ಪ್ಲಾಂಟರ್' ಎಂಬ ಹಡಗನ್ನು ಚಾರ್ಲ್ಸ್‌ಟನ್ ಬಂದರಿನಿಂದಲೇ ಹಾರಿಸಿಕೊಂಡು ಹೋದ. ಕಪ್ತಾನನ ಟೋಪಿ ತಲೆಗಿಟ್ಟು, ಕೋಟೆಗಳಿಗೆ ಸರಿಯಾದ ಸಂಜ್ಞೆ ಕೊಡುತ್ತಾ, ತನ್ನ ಹೆಂಡತಿ ಮಕ್ಕಳನ್ನೂ ಸಂಗಡಿಗರ ಸಂಸಾರವನ್ನೂ ಸ್ವಾತಂತ್ರ್ಯಕ್ಕೆ ದಾಟಿಸಿದ. ಆಗ ಇಪ್ಪತ್ತಮೂರು ವರ್ಷ. 1868ರಲ್ಲಿ ಹೊಸ ಸಂವಿಧಾನ ಬರೆಯಲು ಸೇರಿದ ಸಭೆಯಲ್ಲಿ ಈತ ಕೂತಿದ್ದ. ಎಲ್ಲ ಮಕ್ಕಳಿಗೂ ಸರ್ಕಾರಿ ಶಾಲೆ ಬೇಕು, ಪುಕ್ಕಟೆ ಬೇಕು, ಕಡ್ಡಾಯ ಬೇಕು ಅಂತ ಪಟ್ಟು ಹಿಡಿದವರಲ್ಲಿ ಸ್ಮಾಲ್ಸ್ ಒಬ್ಬ. ಆ ಸಂವಿಧಾನ ಶಾಲೆಗಳಿಗೆ ದಾರಿ ಮಾಡಿತು. ಬಿಳಿ ಬಡವರ ಮಕ್ಕಳಿಗೂ ಅದೇ ಬಾಗಿಲು ತೆರೆಯಿತು. ಗ್ರಿಫಿತ್ ಕೋಳಿ ತೊಡೆ ಇಟ್ಟದ್ದು ಇಂಥವರ ಕೈಗೆ.

ಆ ಬಿಡುಗಡೆಯ ಸುದ್ದಿ ಪುಣೆಗೂ ಮುಟ್ಟಿತ್ತು. ಜೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಬರೆದು, ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಸಜ್ಜನರಿಗೆ ಅದನ್ನು ಅರ್ಪಿಸಿದರು. ಫುಲೆ ಬೆಳಕು ಕಂಡ ಕಾಲವನ್ನೇ ಗ್ರಿಫಿತ್ ಕತ್ತಲೆ ಅಂತ ತೋರಿಸಿದ.

ಆಮೇಲೆ ಧಣಿಗಳು ಮತ್ತೆ ಎದ್ದರು. 1895ರಲ್ಲಿ ದಕ್ಷಿಣ ಕೆರೊಲಿನಾ ಇನ್ನೊಂದು ಸಂವಿಧಾನ ಬರೆದು ಕಪ್ಪು ಜನರ ಮತ ಕಿತ್ತುಕೊಂಡಿತು. ಮುದಿ ಸ್ಮಾಲ್ಸ್ ಆ ಸಭೆಯಲ್ಲೂ ಎದ್ದು ನಿಂತು ವಾದಿಸಿದ, ಸೋತ. 1915ರ ಫೆಬ್ರವರಿ 18ರಂದು ಗ್ರಿಫಿತ್‌ನ ಚಿತ್ರ ಅಧ್ಯಕ್ಷ ವುಡ್ರೊ ವಿಲ್ಸನ್‌ನ ಶ್ವೇತಭವನದಲ್ಲೇ ಓಡಿತು. ಚಿತ್ರದ ಅಕ್ಷರ ಫಲಕಗಳಲ್ಲಿ ಸಾಕ್ಷಿಗೆ ಹಾಕಿದ್ದು ಇತಿಹಾಸದ ಪ್ರೊಫೆಸರೂ ಆಗಿದ್ದ ಆ ವಿಲ್ಸನ್‌ನ ಪುಸ್ತಕದ ಮಾತುಗಳನ್ನೇ. ಐದು ದಿನ ಕಳೆದು, ಫೆಬ್ರವರಿ 23ರಂದು, ರಾಬರ್ಟ್ ಸ್ಮಾಲ್ಸ್ ಬೋಫರ್ಟಿನಲ್ಲಿ ಕಣ್ಣು ಮುಚ್ಚಿದ.

ಚಿತ್ರದ ಕೊನೆ ನೋಡಿ. ಗಸ್ ಅನ್ನೋ ಕಪ್ಪು ಪಾತ್ರವನ್ನು ಕೊಂದು ಹೆಣ ಎಸೆದಾಗಿದೆ. ಬಿಳಿ ನಿಲುವಂಗಿಯ ಕ್ಲಾನಿನವರು ಕುದುರೆ ಏರಿ ವೀರರಂತೆ ಬರುತ್ತಾರೆ. ಚುನಾವಣೆಯ ದಿನ ಕಪ್ಪು ಜನರ ಗುಡಿಸಲ ಮುಂದೆ ಅವರು ಬಂದೂಕು ಹಿಡಿದು ಸಾಲಾಗಿ ನಿಂತಿದ್ದಾರೆ. ಬಾಗಿಲು ತೆರೆದವರು ಹೆದರಿ ಒಳಗೆ ಹೋಗುತ್ತಾರೆ. ಇದು ಚಿತ್ರದ ಸುಖಾಂತ್ಯ!

ಜನ ಸುಮ್ಮನಿರಲಿಲ್ಲ. 1909ರಲ್ಲಿ ಹುಟ್ಟಿದ್ದ ಎನ್‌ಎಎಸಿಪಿ ಸಂಘ ಊರೂರಲ್ಲಿ ಪ್ರತಿಭಟಿಸಿತು. ಬಾಸ್ಟನ್‌ನಲ್ಲಿ 'ಗಾರ್ಡಿಯನ್' ಅನ್ನೋ ಪತ್ರಿಕೆ ನಡೆಸುತ್ತಿದ್ದ ವಿಲಿಯಂ ಮನ್ರೋ ಟ್ರಾಟರ್, ಏಪ್ರಿಲ್ 17ರಂದು ಸಂಗಡಿಗರ ಜತೆ ಟ್ರೆಮಾಂಟ್ ಥಿಯೇಟರಿಗೆ ಹೋಗಿ ಟಿಕೆಟ್ ಕೇಳಿದ. ಕೊಡಲಿಲ್ಲ. ವಾದಕ್ಕೆ ನಿಂತಾಗ ಪೊಲೀಸರ ಏಟು, ಬಂಧನ. ಚಿತ್ರ ಮಾತ್ರ ತಿಂಗಳುಗಟ್ಟಲೆ ಓಡಿತು.

ಅದೇ ವರ್ಷದ ನವೆಂಬರಿನಲ್ಲಿ, ವಿಲಿಯಂ ಸಿಮನ್ಸ್ ಎಂಬುವನು ಅಟ್ಲಾಂಟಾ ಹತ್ತಿರದ ಸ್ಟೋನ್ ಮೌಂಟನ್ ಮೇಲೆ ಹಿಡಿ ಮಂದಿಯನ್ನು ಕೂಡಿಸಿ, ಸತ್ತಿದ್ದ ಕು ಕ್ಲಕ್ಸ್ ಕ್ಲಾನನ್ನು ಮತ್ತೆ ಎಬ್ಬಿಸಿದ. ಶಿಲುಬೆಗೆ ಬೆಂಕಿ ಹಚ್ಚಿದರು. ಹಳೆಯ ಕ್ಲಾನಿಗೆ ಆ ಪದ್ಧತಿಯೇ ಇರಲಿಲ್ಲ, ಡಿಕ್ಸನ್‌ನ ಕಥೆಯಿಂದ ಕಲಿತದ್ದು. ಡಿಸೆಂಬರಿನಲ್ಲಿ ಚಿತ್ರ ಅಟ್ಲಾಂಟಾಕ್ಕೆ ಬಂದಾಗ ಪತ್ರಿಕೆಯಲ್ಲಿ ಸಿನಿಮಾದ ಜಾಹೀರಾತು, ಪಕ್ಕದಲ್ಲೇ ಕ್ಲಾನಿಗೆ ಸೇರಿ ಅನ್ನೋ ಜಾಹೀರಾತು. ಮುಂದಿನ ಹತ್ತು ವರ್ಷದಲ್ಲಿ ಅದು ಹತ್ತಾರು ಲಕ್ಷ ಸದಸ್ಯರ ಪಡೆಯಾಯಿತು. ಚಿತ್ರ ಕಾಲಿಟ್ಟ ಜಿಲ್ಲೆಗಳಲ್ಲಿ ಗುಂಪುಕೊಲೆ, ಜನಾಂಗ ಗಲಭೆ ದಿಢೀರನೆ ಏರಿದ್ದನ್ನು 2023ರಲ್ಲಿ ಒಂದು ಅರ್ಥಶಾಸ್ತ್ರದ ಅಧ್ಯಯನ ಅಂಕಿಅಂಶ ಹಿಡಿದು ತೋರಿಸಿದೆ.

ಉತ್ತರವಾಗಿ ಕಪ್ಪು ಜನ 'ದ ಬರ್ತ್ ಆಫ್ ಎ ರೇಸ್' ಎಂಬ ಚಿತ್ರಕ್ಕೆ ಕೈ ಹಾಕಿದರು. ದುಡ್ಡು ಸಾಲದೆ ಅದು ಬೇರೆಯವರ ಪಾಲಾಗಿ, 1918ರಲ್ಲಿ ಬಂದಾಗ ಎಲ್ಲಿಯದೋ ಕಥೆ ಆಗಿತ್ತು. ಮಕಾಡೆ ಮಲಗಿತು. ಒಳ್ಳೆ ಮನಸ್ಸಿನಿಂದಲೂ ಕೆಟ್ಟ ಸಿನಿಮಾ ಹುಟ್ಟುತ್ತೆ, ಒಪ್ಪೋಣ.

ಆದರೆ 1920ರ ಜನವರಿಯಲ್ಲಿ ಆಸ್ಕರ್ ಮಿಷೋ ಎಂಬ ಕಪ್ಪು ನಿರ್ದೇಶಕ ಚಿಕ್ಕ ಬಂಡವಾಳದಲ್ಲಿ 'ವಿದಿನ್ ಅವರ್ ಗೇಟ್ಸ್' ತಂದ. ನಾಯಕಿ ಸಿಲ್ವಿಯಾ ಹಳ್ಳಿ ಶಾಲೆಯ ಮೇಷ್ಟ್ರು. ಮುಚ್ಚಿಹೋಗುವ ಶಾಲೆ ಉಳಿಸಲು ಉತ್ತರದ ಊರುಗಳಿಗೆ ಚಂದಾ ಎತ್ತಲು ಹೊರಡುತ್ತಾಳೆ. ಆಕೆಯನ್ನು ಸಾಕಿದವರು ಗೇಣಿ ರೈತರು. ನಾಲ್ಕಕ್ಷರ ಕಲಿತ ಹುಡುಗಿ ಅಪ್ಪನ ಲೆಕ್ಕ ಬರೆದಿಟ್ಟಿದ್ದಾಳೆ. ಆ ಲೆಕ್ಕ ಹಿಡಿದು ಅಪ್ಪ ಧಣಿಯ ಮುಂದೆ ನಿಂತ ಹೊತ್ತಿಗೆ ಯಾರೋ ಕಿಟಕಿಯಿಂದ ಧಣಿಗೆ ಗುಂಡು ಹಾರಿಸುತ್ತಾರೆ. ಸಾಕಿದ ಅಪ್ಪ ಅವ್ವನನ್ನು ಬಿಳಿಯರ ಗುಂಪು ನೇಣಿಗೆ ಹಾಕುತ್ತದೆ. ಶಿಕಾಗೋ ಸೆನ್ಸಾರಿನವರಿಗೆ ಆಗ ಭಯ ಹತ್ತಿತು. 1919ರ ಗಲಭೆ ಮುಗಿದು ಆರು ತಿಂಗಳಾಗಿತ್ತಷ್ಟೆ, ಮೊದಲಿಗೆ ಅನುಮತಿ ಕೊಡಲಿಲ್ಲ. ಗ್ರಿಫಿತ್‌ನ ಕ್ಲಾನಿಗೆ ಸಿಕ್ಕ ಪರದೆ ಈ ಹುಡುಗಿಯ ಲೆಕ್ಕದ ಪುಸ್ತಕಕ್ಕೆ ಸುಲಭವಾಗಿ ಸಿಗಲಿಲ್ಲ.

ಗ್ರಿಫಿತ್‌ನ ಚಿತ್ರವನ್ನು ಭಂಡಾರಗಳು ಜೋಪಾನ ಮಾಡಿದವು. ಮಿಷೋನ ಚಿತ್ರ ದಶಕಗಟ್ಟಲೆ ಕಳೆದೇ ಹೋಗಿತ್ತು. ಕೊನೆಗೆ ಒಂದು ಪ್ರತಿ ಸ್ಪೇನಿನಲ್ಲಿ ಸಿಕ್ಕಿತು, 'ಲಾ ನೆಗ್ರಾ' ಅನ್ನೋ ಹೆಸರಿನಲ್ಲಿ. ಸ್ಪ್ಯಾನಿಷ್ ಫಲಕಗಳನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ, 1993ರಲ್ಲಿ ಅದನ್ನು ರಿಪೇರಿ ಮಾಡಿ ತೋರಿಸಿದರು. ನಡುವೆ ಒಂದಿಷ್ಟು ಭಾಗ ಇನ್ನೂ ಸಿಕ್ಕಿಲ್ಲ. ಅಲ್ಲಿ ಬರೇ ಒಂದು ಅಕ್ಷರ ಫಲಕ ಇದೆ.