ಶಿಕ್ಷಕರ ಮತಕ್ಷೇತ್ರ ಮತ್ತು ಬಸವರಾಜ ಹೊರಟ್ಟಿ

ತುಂಗಭದ್ರೆಯ ದಡದಲ್ಲಿರುವ ಮುಂಡರಗಿ ತಾಲ್ಲೂಕಿನ ಹಮ್ಮಿಗಿಯು ವಿಧಾನ ಪರಿಷತ್ತಿನ ಪಶ್ಚಿಮ ಶಿಕ್ಷಕರ ಮತಕ್ಷೇತ್ರದ ವ್ಯಾಪ್ತಿಗೆ ಸೇರುತ್ತದೆ. ಧಾರವಾಡ, ಗದಗ, ಹಾವೇರಿ ಹಾಗೂ ಉತ್ತರ ಕನ್ನಡ ಜಿಲ್ಲೆಗಳನ್ನೊಳಗೊಂಡ ಈ ಕ್ಷೇತ್ರದ ಇತಿಹಾಸವು ನಾಲ್ಕು ದಶಕಗಳಿಂದ ಬಸವರಾಜ ಹೊರಟ್ಟಿಯವರ ಹೆಸರಿನೊಡನೆ ಬೆಸೆದುಕೊಂಡಿದೆ.

ಮುಧೋಳ ತಾಲ್ಲೂಕಿನ ಯಡಹಳ್ಳಿಯಲ್ಲಿ 1946ರಲ್ಲಿ ಜನಿಸಿದ ಹೊರಟ್ಟಿಯವರು ಹುಬ್ಬಳ್ಳಿಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರಾಗಿದ್ದರು. 1980ರಲ್ಲಿ ಮೊದಲ ಬಾರಿಗೆ ಪರಿಷತ್ತಿಗೆ ಆಯ್ಕೆಯಾದರು. ಅಲ್ಲಿಂದ ಮುಂದೆ ಆರು ವರ್ಷಗಳಿಗೊಮ್ಮೆ ನಡೆದ ಚುನಾವಣೆಗಳಲ್ಲಿ ಸತತವಾಗಿ ಗೆದ್ದರು. ಜನತಾದಳ (ಜಾತ್ಯತೀತ) ತೊರೆದು ಭಾರತೀಯ ಜನತಾ ಪಕ್ಷ ಸೇರಿದ 2022ರಲ್ಲಿ ಅವರು ಪಡೆದದ್ದು ಎಂಟನೆಯ ಗೆಲುವು. ಪಕ್ಷ ಬದಲಾದರೂ ಮತದಾರರು ಬದಲಾಗಲಿಲ್ಲವೆಂಬುದು ಇಲ್ಲಿ ಗಮನಾರ್ಹ. ಪರಿಷತ್ತಿನ ಸಭಾಪತಿ ಸ್ಥಾನವೂ ಅವರಿಗೆ ಒಂದಕ್ಕಿಂತ ಹೆಚ್ಚು ಬಾರಿ ಒದಗಿತು.

ಸಂವಿಧಾನದ 171ನೆಯ ಅನುಚ್ಛೇದವು ಪರಿಷತ್ತಿನ ಸುಮಾರು ಹನ್ನೆರಡನೆಯ ಒಂದು ಭಾಗವನ್ನು ಶಿಕ್ಷಕರಿಗೆ ಮೀಸಲಿರಿಸಿದೆ. ಕರ್ನಾಟಕದ 75 ಸ್ಥಾನಗಳಲ್ಲಿ ಇವು 7. ಆದರೆ ಪ್ರೌಢಶಾಲೆಗಿಂತ ಕೆಳಗಿನ ಹಂತದ ಶಿಕ್ಷಕರಿಗೆ ಇಲ್ಲಿ ಮತವಿಲ್ಲ. ಪದವೀಧರರಾಗಿದ್ದಲ್ಲಿ ಅವರು ಪದವೀಧರ ಕ್ಷೇತ್ರದಲ್ಲಿ ಮಾತ್ರ ಮತ ಚಲಾಯಿಸಬಹುದು.

ಈ ಮಿತಿಯ ಅರ್ಥವು 2006ರಲ್ಲಿ ಸ್ಪಷ್ಟವಾಯಿತು. ಎಚ್.ಡಿ. ಕುಮಾರಸ್ವಾಮಿ ಅವರ ಸಂಪುಟದಲ್ಲಿ ಹೊರಟ್ಟಿಯವರು ಶಿಕ್ಷಣ ಸಚಿವರಾಗಿದ್ದರು. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಬೋಧನಾ ಮಾಧ್ಯಮವಾಗಿರಬೇಕೆಂಬ 1994ರ ಸರಕಾರಿ ಆದೇಶವು ಕಾಗದದ ಮೇಲೆಯೇ ಉಳಿದಿತ್ತು. ಕನ್ನಡ ಮಾಧ್ಯಮಕ್ಕೆ ಅನುಮತಿ ಪಡೆದು ಇಂಗ್ಲಿಷಿನಲ್ಲಿ ಬೋಧಿಸುತ್ತಿದ್ದ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆಯನ್ನು ಇಲಾಖೆ ರದ್ದುಪಡಿಸಿತು. ಅದೇ ಸರಕಾರವು ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಬೋಧಿಸಲು ನಿರ್ಧರಿಸಿತು. ಮಾಧ್ಯಮವಾಗಿ ಕನ್ನಡ, ವಿಷಯವಾಗಿ ಇಂಗ್ಲಿಷ್ ಎಂಬ ಈ ಸಮನ್ವಯ ಬಹುಕಾಲ ನಿಲ್ಲಲಿಲ್ಲ. 1994ರ ಆದೇಶದ ಮಾಧ್ಯಮ ಕಡ್ಡಾಯವನ್ನು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಅಸಿಂಧುವೆಂದು ಸಾರಿತು.

ಶಿಕ್ಷಕರೊಬ್ಬರು ಶಾಸನಸಭೆಯನ್ನು ಪ್ರವೇಶಿಸಿ ಶಿಕ್ಷಣದ ನೀತಿಯನ್ನೇ ನಿರ್ಧರಿಸುವ ಅವಕಾಶವನ್ನು ಈ ಮತಕ್ಷೇತ್ರವು ಒದಗಿಸಿತು. ಆದರೆ ಅವರ ಅಧಿಕಾರಾವಧಿಯ ಅತಿ ದೊಡ್ಡ ವಿವಾದ ನಡೆದದ್ದು ಪ್ರಾಥಮಿಕ ಶಾಲೆಯನ್ನು ಕುರಿತು. ಒಂದನೆಯ ತರಗತಿಯಲ್ಲಿ ಅಕ್ಷರ ತಿದ್ದಿಸುವ ಹಮ್ಮಿಗಿಯಂತಹ ಊರುಗಳ ಶಿಕ್ಷಕರು ಆ ಮತಪಟ್ಟಿಯ ಹೊರಗೇ ಉಳಿದಿದ್ದರು. ಶಿಕ್ಷಕ ಪ್ರಾತಿನಿಧ್ಯದ ಸಾಧನೆಯನ್ನು ಅಳೆಯುವಾಗ ಈ ಕೊರತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.