‘ಟೇಕ್ ಆಫ್ಟರ್’: ಹೋಲಿಕೆಯೇ ಹೊರತು ಆರೈಕೆಯಲ್ಲ

ವಯಸ್ಸಾದ ತಾಯಿಯನ್ನು ನೋಡಿಕೊಳ್ಳಬೇಕಾಗಿದೆ ಎಂದು ತಿಳಿಸಲು ರಜೆಯ ಅರ್ಜಿಯಲ್ಲಿ ‘ಐ ಹ್ಯಾವ್ ಟು ಟೇಕ್ ಆಫ್ಟರ್ ಮೈ ಮದರ್’ ಎಂದು ಬರೆದರೆ, ಓದಿದ ಅಧಿಕಾರಿಗೆ ದೊರೆಯುವ ಅರ್ಥವೇ ಬೇರೆ: ‘ನಾನು ತಾಯಿಯನ್ನು ಹೋಲಬೇಕಾಗಿದೆ’. ‘ಟೇಕ್ ಕೇರ್ ಆಫ್’ ಮತ್ತು ‘ಲುಕ್ ಆಫ್ಟರ್’ ಎಂಬ ಎರಡು ಪ್ರಯೋಗಗಳಿಗೂ ನೋಡಿಕೊಳ್ಳು ಎಂದೇ ಅರ್ಥ. ಅವುಗಳಲ್ಲಿ ಒಂದರ ತಲೆ, ಮತ್ತೊಂದರ ಬಾಲ ಸೇರಿಕೊಂಡಾಗ ಈ ಪ್ರಮಾದ ಉಂಟಾಗುತ್ತದೆ.

‘ಟೇಕ್ ಆಫ್ಟರ್’ ಎಂಬುದು ಇಂಗ್ಲಿಷಿನ ಫ್ರೇಸಲ್ ವರ್ಬ್. ಕ್ರಿಯಾಪದಕ್ಕೆ ಮತ್ತೊಂದು ಪದ ಸೇರಿ ಹೊಸ ಅರ್ಥ ಕೊಡುವ ಜೋಡಿಗೆ ಈ ಹೆಸರು. ‘ತೆಗೆದುಕೊಳ್ಳು’, ‘ನಂತರ’ ಎಂದು ಬಿಡಿಬಿಡಿಯಾಗಿ ಕನ್ನಡಿಸಿದರೆ ಅರ್ಥ ಕೈಗೆ ಸಿಗದು. ಹೆತ್ತವರನ್ನೋ ಕುಟುಂಬದ ಹಿರಿಯರನ್ನೋ ಹೋಲು ಎಂಬುದೇ ಇದರ ಮುಖ್ಯಾರ್ಥ. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆಯ ಮೊದಲ ಭಾಗಕ್ಕೆ ಇದು ಹತ್ತಿರ. ‘ಷಿ ಟೇಕ್ಸ್ ಆಫ್ಟರ್ ಹರ್ ಮದರ್’ ಎಂದರೆ ಆಕೆಯದು ತಾಯಿಯ ಹೋಲಿಕೆ. ಅಮೆರಿಕದ ಆಡುಮಾತಿನಲ್ಲಿ ಬೆನ್ನಟ್ಟು ಎಂಬ ಅರ್ಥವೂ ಉಂಟು.

ಹೋಲಿಕೆ ರೂಪದಲ್ಲಿರಬಹುದು, ಸ್ವಭಾವದಲ್ಲಿರಬಹುದು. ‘ಲುಕ್ ಲೈಕ್’ ಹೊರನೋಟದ ಸಾದೃಶ್ಯವನ್ನಷ್ಟೇ ಹೇಳುತ್ತದೆ. ಸಂಬಂಧವಿಲ್ಲದ ಇಬ್ಬರಿಗೂ ಅದು ಸಲ್ಲುತ್ತದೆ. ಪಕ್ಕದ ಮನೆಯ ಯುವಕ ಚಿತ್ರನಟನೊಬ್ಬನಂತೆ ಕಂಡರೆ ಅಲ್ಲಿ ‘ಲುಕ್ಸ್ ಲೈಕ್’ ಸರಿ, ‘ಟೇಕ್ಸ್ ಆಫ್ಟರ್’ ತಪ್ಪು.

ಹೋಲಿಕೆಗೆ ದಿಕ್ಕೂ ಇದೆ. ಕಿರಿಯರು ಹಿರಿಯರನ್ನು ಹೋಲುತ್ತಾರೆ. ಮಗನನ್ನು ತಂದೆ ‘ಟೇಕ್ಸ್ ಆಫ್ಟರ್’ ಎನ್ನುವಂತಿಲ್ಲ. ಅವಳಿ ಮಕ್ಕಳು ಪರಸ್ಪರ ಹೋಲುವುದನ್ನು ಹೇಳಲು ‘ಲುಕ್ ಅಲೈಕ್’ ಇದೆ.

ವ್ಯಾಕರಣದ ನಿಯಮಗಳು ಸರಳ. ಈ ಜೋಡಿಯನ್ನು ಒಡೆಯುವಂತಿಲ್ಲ: ‘ಟೇಕ್ಸ್ ಆಫ್ಟರ್ ಹಿಮ್’ ಸರಿ, ‘ಟೇಕ್ಸ್ ಹಿಮ್ ಆಫ್ಟರ್’ ತಪ್ಪು. ಹೋಲಿಕೆ ಸ್ಥಿತಿಯೇ ಹೊರತು ನಡೆಯುತ್ತಿರುವ ಕೆಲಸವಲ್ಲ. ಆದ್ದರಿಂದ ‘ಈಸ್ ಟೇಕಿಂಗ್ ಆಫ್ಟರ್’ ಎಂಬ ರೂಪ ಸಾಮಾನ್ಯವಾಗಿ ಬಳಕೆಯಲ್ಲಿಲ್ಲ. ಭೂತಕಾಲದಲ್ಲಿ ‘ಟುಕ್ ಆಫ್ಟರ್’ ಎಂದಾಗುತ್ತದೆ. ಯಾವ ಗುಣದಲ್ಲಿ ಹೋಲಿಕೆ ಎಂಬುದನ್ನು ‘ಇನ್’ ಸೇರಿಸಿ ತಿಳಿಸಬಹುದು.

ಹಿರಿಯರ ವೃತ್ತಿಯನ್ನು ಕಿರಿಯರು ಆಯ್ದುಕೊಳ್ಳುವುದು ಬೇರೆ ಮಾತು. ಕುವೆಂಪು (1904–1994) ಅವರ ಪುತ್ರ ಪೂರ್ಣಚಂದ್ರ ತೇಜಸ್ವಿ (1938–2007) ಕೂಡ ಸಾಹಿತಿಯಾದರು. ಇದನ್ನು ಹೇಳಲು ‘ಫಾಲೋಡ್ ಇನ್ ಹಿಸ್ ಫಾದರ್ಸ್ ಫುಟ್‌ಸ್ಟೆಪ್ಸ್’, ಅಂದರೆ ತಂದೆಯ ಹೆಜ್ಜೆಯಲ್ಲಿ ನಡೆದರು, ಎಂಬ ಪ್ರಯೋಗ ಸೂಕ್ತ. ಹಾದಿ ಆರಿಸಿಕೊಂಡದ್ದು, ‘ಟೇಕ್ ಆಫ್ಟರ್’ ಸೂಚಿಸುವ ಹೋಲಿಕೆ ತಾನಾಗಿ ಬಂದದ್ದು.

ಸಂದೇಹ ಬಂದಾಗ ‘ಟೇಕ್ ಆಫ್ಟರ್’ ಬದಲು ‘ರೆಸೆಂಬಲ್’ ಎಂದು ಹಾಕಿ ವಾಕ್ಯವನ್ನು ಮತ್ತೆ ಓದಬಹುದು. ಹೇಳಬೇಕೆಂದಿದ್ದ ಅರ್ಥ ಕೆಟ್ಟರೆ ಪ್ರಯೋಗ ತಪ್ಪಿದೆ ಎಂದೇ ತಿಳಿಯಬೇಕು. ರಜೆಯ ಅರ್ಜಿಗೆ ಬೇಕಾದದ್ದು ‘ಲುಕ್ ಆಫ್ಟರ್’.