ವರ ಬೇಡದ ತಪಸ್ಸು

ತಪಸ್ಸು ಎಂದೊಡನೆ ಮೈಮೇಲೆ ಹುತ್ತ ಬೆಳೆದ ಋಷಿ, ಒಂಟಿಕಾಲಲ್ಲಿ ನಿಂತ ಭಗೀರಥ ನೆನಪಾಗುತ್ತಾರೆ. ಇನ್ನು ದಿನದ ಮಾತಿನಲ್ಲಿ ಅದು ಗೇಲಿಯ ಪದ. ಬಳ್ಳಾರಿ ಕಡೆ, ಕರೆದರೂ ಓಗೊಡದೆ ಕೂತವನಿಗೆ ‘ಏನು ತಪಸ್ಸು ಮಾಡಾಕತ್ತೀಯೇನಲೇ?’ ಎನ್ನುವುದುಂಟು. ಇದೇ ಪದವನ್ನು ಕನ್ನಡದ ಕಥೋಲಿಕರು ಈಸ್ಟರ್‌ಗೆ ಮುಂಚಿನ 40 ದಿನಗಳಿಗೆ ಇಟ್ಟುಕೊಂಡಿದ್ದಾರೆ: ತಪಸ್ಸುಕಾಲ.

ಅದೇ ಬಳ್ಳಾರಿ ಕಡೆಯ ತೋರಣಗಲ್ಲಿನಲ್ಲಿ ಈ ದಿನಗಳಿಗೆ ಒಂದೇ ಹೆಸರು ಸಾಲದು. 1994ರಲ್ಲಿ ಜಿಂದಾಲ್ ಉಕ್ಕಿನ ಕಂಪನಿ ಹುಟ್ಟಿದ ಮೇಲೆ ಊರು ನಾನಾ ಭಾಷೆಗಳದಾಯಿತು. ಮಂಗಳೂರಿನ ಕೊಂಕಣಿಯವರ ಬಾಯಲ್ಲಿ ಇದು ಕರೆಜ್ಮ್. ಪೋರ್ಚುಗೀಸಿನಿಂದ ಬಂದದ್ದು, ಅದರ ಬೇರಿನಲ್ಲಿರುವುದು ನಲವತ್ತರ ಲೆಕ್ಕ. ಮಲಯಾಳಿಗಳದು ನೋಂಬು, ನಮ್ಮ ಜೈನರ ‘ನೋಂಪಿ’ಯ ಒಡಹುಟ್ಟು. ತೆಲುಗಿನವರು ಶ್ರಮ ದಿನಾಲು ಅನ್ನುತ್ತಾರೆ. ಅಲ್ಲಿ ಶ್ರಮವೆಂದರೆ ಯೇಸು ಪಟ್ಟ ಪಾಡು. ಕಾರ್ಖಾನೆಯ ಕನ್ನಡಿಗನ ಕಿವಿಗೆ ಮಾತ್ರ ಅದು ದುಡಿಮೆಯ ದಿನ ಎಂದೇ ಕೇಳಬೇಕು.

ಈ ಹೆಸರುಗಳ ನಡುವೆ ನಮ್ಮ ತಪಸ್ಸಿಗಿರುವುದು ಕಾವು. ‘ತಪ್’ ಧಾತುವೇ ಸುಡುವುದು, ಕಾಯುವುದು. ತಾಪ, ಸಂತಾಪ, ಪಶ್ಚಾತ್ತಾಪ, ಕೊನೆಗೆ ಮನೆಮನೆಯ ತಾಪತ್ರಯ, ಎಲ್ಲ ಒಂದೇ ಒಲೆಯವು. ಉಕ್ಕಿನ ಕಾರ್ಖಾನೆಯಲ್ಲೂ ಒಂದು ಸಲಕ್ಕೆ ತಯಾರಾಗುವ ದ್ರವ ಉಕ್ಕಿಗೆ ‘ಹೀಟ್’ ಅನ್ನುತ್ತಾರೆ. ಒಂದೊಂದು ಹೀಟಿಗೂ ಒಂದೊಂದು ನಂಬರು. ಹಬ್ಬ ಬಂತೆಂದು ಬ್ಲಾಸ್ಟ್ ಫರ್ನೇಸ್ ಆರಿಸುವಂತಿಲ್ಲ. ಹಾಗಾಗಿ ಶುಕ್ರವಾರದ ಶಿಲುಬೆ ಹಾದಿಗೆ ಎಲ್ಲರೂ ಚರ್ಚಿಗೆ ಬರಲಾಗದು. ಶಿಫ್ಟ್ ಇದ್ದವರು ಕ್ವಾರ್ಟರ್ಸಿನ ಕೋಣೆಯಲ್ಲಿ ಒಬ್ಬರೇ ಕೂತು ಆ ಹಾದಿಯ ಹದಿನಾಲ್ಕು ಸ್ಥಳಗಳನ್ನು ಮನಸ್ಸಿನಲ್ಲೇ ನಡೆಯಬೇಕು. ನನಗೆ ಇದೇನೂ ಕಡಿಮೆ ಅನ್ನಿಸುವುದಿಲ್ಲ. ಪ್ರಾರ್ಥನೆಗೆ ಬಾಗಿಲು ಮುಚ್ಚಿಕೋ, ಉಪವಾಸದಲ್ಲಿ ಮುಖ ತೊಳೆದುಕೊಂಡು ಲವಲವಿಕೆಯಿಂದಿರು ಎಂಬುದೇ ಮತ್ತಾಯನ ಸುವಾರ್ತೆಯ ಬುದ್ಧಿಮಾತು. ಭಾನುವಾರ ಈ ತಪಸ್ಸಿಗೂ ಬಿಡುವು: ಬೂದಿಯ ಬುಧವಾರದಿಂದ ಈಸ್ಟರ್‌ವರೆಗಿನ 46 ದಿನದಲ್ಲಿ ಆರು ಭಾನುವಾರ ಕಳೆದರೇ 40. ಶಿಫ್ಟಿನವರ ವಾರದ ರಜೆ ಭಾನುವಾರವೇ ಬರಬೇಕೆಂದೇನೂ ಇಲ್ಲ, ಅದು ಬೇರೆ ಮಾತು.

ಹೊಸಪೇಟೆ ದಾಟಿದರೆ ಹಂಪಿ, ಈ ಪದದ ಹಳೆಯ ತವರು. ಶಿವನನ್ನು ಪಡೆಯಲು ಪಂಪೆ ತಪಸ್ಸು ಮಾಡಿದ್ದು ಅಲ್ಲಿಯೇ ಎನ್ನುತ್ತದೆ ಸ್ಥಳಪುರಾಣ. ಹೇಮಕೂಟದಲ್ಲಿ ಧ್ಯಾನಕ್ಕೆ ಕೂತಿದ್ದ ಶಿವ ಹೂಬಾಣ ಬಿಟ್ಟ ಕಾಮನನ್ನು ಬೂದಿ ಮಾಡಿದ. ಹೋಳಿ ಹುಣ್ಣಿಮೆಯಲ್ಲಿ ಕಾಮನನ್ನು ಸುಡುವ ಹೊತ್ತಿಗೆ ಕ್ರೈಸ್ತರ ಹಣೆಯ ಮೇಲೂ ಬೂದಿ ಬಿದ್ದು ಕೆಲವು ದಿನವೋ ವಾರವೋ ಆಗಿರುತ್ತದೆ. ಹಿಂದಿನ ವರ್ಷ ಗರಿಗಳ ಭಾನುವಾರಕ್ಕೆ ಹಿಡಿದ ಗರಿಗಳನ್ನು ಸುಟ್ಟ ಬೂದಿ ಅದು. ಬೂದಿ ಹಚ್ಚುವ ಆ ದಿನದ ಹೆಸರಂತೂ ‘ವಿಭೂತಿ ಬುಧವಾರ’. ಲಿಂಗಾಯತರ ಮನೆಯ ಪದ ಚರ್ಚಿನ ಪಂಚಾಂಗದಲ್ಲಿ ಹಾಯಾಗಿ ಕೂತಿದೆ. ಈಸ್ಟರ್ ಬರುವುದೂ ಹುಣ್ಣಿಮೆ ನೋಡಿಯೇ. 2024ರಲ್ಲಿ ಅದು ಹೋಳಿ ಹುಣ್ಣಿಮೆ. 2026ರಲ್ಲಿ ದವನದ ಹುಣ್ಣಿಮೆ, ಅಂದರೆ ಪಂಪಾ ವಿರೂಪಾಕ್ಷರ ಕಲ್ಯಾಣವಾಗಿ ಹಂಪಿಯ ತೇರು ಎಳೆಯುವ ಹೊತ್ತು. ಅದೇ ವಾರದ ಭಾನುವಾರ, ಏಪ್ರಿಲ್ 5ಕ್ಕೆ ಈಸ್ಟರ್.

ಕಾಲ ಇಷ್ಟು ಹೊಂದಿದರೂ ಒಂದು ಕಡೆ ಪದ ತಕರಾರು ತೆಗೆಯುತ್ತದೆ. ಪುರಾಣದಲ್ಲಿ ತಪಸ್ಸು ಒಂದು ವ್ಯವಹಾರ. ಇಷ್ಟು ಬೆಂದರೆ ಇಷ್ಟು ವರ, ದೇವರು ಕೊಡಲೇಬೇಕು. ರಾವಣನೂ ಗಿಟ್ಟಿಸಿದ, ಭಸ್ಮಾಸುರನೂ ಗಿಟ್ಟಿಸಿದ. ಅವನ ತಪಸ್ಸು ಬೂದಿಯಲ್ಲಿ ಮುಗಿಯಿತು, ಕ್ರೈಸ್ತರದು ಬೂದಿಯಿಂದ ಶುರುವಾಗುತ್ತದೆ. ಇಲ್ಲಿ ಬೇಡುವ ವರವಿಲ್ಲ, ಇರುವುದು ಪಶ್ಚಾತ್ತಾಪ. ಅದಕ್ಕೆ ಕನ್ನಡದಲ್ಲಿ ಇನ್ನೊಂದು ಮಾತೂ ಇದೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದವರು. ಮುಂದೆ ಬಳಕೆಗೆ ಬಂದ ಕನ್ನಡ ಬೈಬಲಿನಲ್ಲಿ ಪಶ್ಚಾತ್ತಾಪಕ್ಕೆ ಸಿಗುವ ಮಾತು ‘ತಿರುಗಿಕೊಳ್ಳುವುದು’. ಅದರಲ್ಲಿ ಕಾವಿಲ್ಲ, ಚೌಕಾಸಿಯೂ ಇಲ್ಲ. ನಡೆಯುತ್ತಿದ್ದವನು ನಿಂತು ದಿಕ್ಕು ಬದಲಿಸಿದರೆ ಮುಗಿಯಿತು. ತಪಸ್ಸುಕಾಲದ ತಪಸ್ಸಿಗೆ ಅರ್ಥ ಹೇಳಬೇಕಾದರೆ ನಾನು ಈ ಸಾದಾ ಕ್ರಿಯಾಪದವನ್ನೇ ಪಕ್ಕಕ್ಕಿಡುತ್ತೇನೆ.

ಉಪವಾಸದ ನಿಯಮವಾದರೂ ಕಠೋರವಲ್ಲ. ಕಥೋಲಿಕರಿಗೆ ಕಡ್ಡಾಯವಿರುವುದು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ, ಎರಡೇ ದಿನ. ಅದೂ ಒಂದು ಹೊತ್ತಿನ ಪೂರ್ತಿ ಊಟಕ್ಕೆ ಅವಕಾಶ ಕೊಟ್ಟು. ಮೈಮುರಿದು ದುಡಿಯುವವರಿಗೆ ವಿನಾಯ್ತಿ ಕೊಡುವುದು ಹಳೆಯ ರೂಢಿ. ಕುಲುಮೆಯ ಎದುರು ಎಂಟು ತಾಸು ನಿಂತವನನ್ನು ಇನ್ನೂ ಕಾಯಿಸುವುದೇನಿದೆ? ಬೇಕಿದ್ದವರು ಸಿಗರೇಟು, ಕುಡಿತ, ಫೋನು ಬಿಡುತ್ತಾರೆ. ಉಳಿದ ದುಡ್ಡು ಬಡವರಿಗೆ ಹೋಗಬೇಕೆಂಬುದು ಪದ್ಧತಿ. ಕನ್ನಡದಲ್ಲಿ ತಪಸ್ಸು ಎಂದರೆ ಬೆನ್ನಿಗೇ ‘ಫಲಿಸಿತು’ ಬರುತ್ತದೆ. ಈ ತಪಸ್ಸಿಗೆ ಆ ಬಾಲ ಅಂಟಿಲ್ಲ. ಈಸ್ಟರ್ ದಿನ ಯಾರೂ ‘ನಿಮ್ಮ ತಪಸ್ಸು ಫಲಿಸಿತಾ?’ ಎಂದು ವಿಚಾರಿಸುವುದಿಲ್ಲ, ಬಿರಿಯಾನಿ ಆಯಿತಾ ಎಂದೇ ಕೇಳುತ್ತಾರೆ.